ಮೀಠಾನು ಪಾಣಿ

ಗುಜರಾತಿನಲ್ಲಿ ಉಪ್ಪಿಗೆ ಮೀಠು ಎನ್ನುತ್ತಾರೆ. ಬರೋಡಾಕ್ಕೆ ಬಂದ ಮೊದಲ ವಾರವೇ ಇದು ನನಗೆ ಗೊತ್ತಾಯಿತು. ಆಲ್ಕಾಪುರಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಕೆಳಗೇ ಒಂದು ಕಿರಾಣಿ ಅಂಗಡಿ. ಹೋಗಿ ಹಿಂದಿಯಲ್ಲಿ ನಮಕ್ ಕೇಳಿದೆ. ಅಂಗಡಿಯಾತ ಒಳಗಿದ್ದ ಹೆಂಡತಿಗೆ ‘ಮೀಠು ಆಪ್’ ಎಂದು ಕೂಗಿದ. ನಾನು ಗಾಬರಿಬಿದ್ದು, ಮೀಠಾ ಬೇಡಪ್ಪಾ, ಸಕ್ಕರೆ ಮನೆಯಲ್ಲಿದೆ, ನನಗೆ ಬೇಕಾದ್ದು ನಮಕ್ ಎಂದು ಬಡಬಡಿಸಿದೆ. ಆತ ಉಪ್ಪಿನ ಪೊಟ್ಟಣವನ್ನು ಕೈಗಿಟ್ಟು, ‘ಆ ಜ ಮೀಠು, ಬೆನ್’ ಎಂದ. ಇದೇ ಮೀಠು, ಅಕ್ಕಾ ಅಂತ. ಉಪ್ಪಿಗೆ ಸಿಹಿಯ ಹೆಸರಿಟ್ಟುಕೊಂಡ ಜನ! ಮನೆಗೆ ಬಂದು ಯಜಮಾನರಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವತ್ತಿನಿಂದ ನನ್ನ ತಲೆಯಲ್ಲಿ ಮೀಠು ಎಂದರೆ ಉಪ್ಪು, ಮುಗಿಯಿತು. ನನ್ನ ಸ್ವಭಾವವೇ ಹಾಗೆ. ಒಂದು ಸಲ ಕಲಿತದ್ದನ್ನು ಉಡದ ಪಟ್ಟು ಹಿಡಿದಂತೆ ಹಿಡಿಯುತ್ತೇನೆ, ಅದರ ಬಗ್ಗೆ ನನಗೆ ಜಂಭವೂ ಇದೆ. ನಾಲ್ಕು ವರ್ಷದವಳಾಗಿ ಬಂದ ಮಗಳು ಈಗ ಒಂಬತ್ತನೇ ಕ್ಲಾಸು. ಗುಜರಾತಿ ಅವಳ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಊರಿಂದ ಅಜ್ಜಿಯ ಫೋನು ಬಂದಾಗ ಕಷ್ಟಪಟ್ಟು ಹೊರಡುತ್ತದೆ. ನನ್ನ ಗುಜರಾತಿಯನ್ನು ಅವಳು ಆಡಿಕೊಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಿನಗಿಂತ ಮೂವತ್ತು ವರ್ಷ ಮೊದಲು ಹುಟ್ಟಿದವಳು ನಾನು, ನನಗೆ ಭಾಷೆ ಕಲಿಸಬೇಡ ಎನ್ನುತ್ತಿದ್ದೆ. ಕಲಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

ನನ್ನ ಕೆಲಸ ಹುಲ್ಲು. ಧಾರವಾಡದಲ್ಲಿರುವ ನಮ್ಮವ್ವ ಬಂದವರಿಗೆಲ್ಲ ‘ನನ್ನ ಮಗಳು ಹುಲ್ಲು ಓದ್ಯಾಳ’ ಎಂದೇ ಪರಿಚಯಿಸುವುದು. ಸವಳು ಜವಳು ಹಿಡಿದ ಹೊಲಗಳಲ್ಲಿ, ಎಂದರೆ ಉಪ್ಪೂ ನೀರೂ ಕೂಡಿ ಕೆಡಿಸಿದ ನೆಲದಲ್ಲಿ, ದನಕ್ಕೆ ಮೇವಾಗುವ ಹುಲ್ಲು ಬೆಳೆಸಬಹುದೇ ಎಂದು ನೋಡುವುದು ನನ್ನ ಸಂಸ್ಥೆ ನನಗೆ ವಹಿಸಿದ ಕೆಲಸ. ಸೂರತ್ತಿನಿಂದ ಸಮುದ್ರದ ಕಡೆಗೆ ಒಂದು ಗಂಟೆಯ ದಾರಿಯಲ್ಲಿ ನನಗೊಂದು ಊರು ಸಿಕ್ಕಿತು.

ಆ ಊರಿನ ಹೊಲಗಳನ್ನು ಮೊದಲ ಸಲ ನೋಡಿದಾಗ ಬದುವಿನ ಮೇಲೇ ನಿಂತುಬಿಟ್ಟೆ. ಸವಳು ಜವಳು ನಮ್ಮ ಕಡೆ ಕಾಲುವೆಯ ಕೆಳಗೂ ಇದೆ, ನಾನು ಓದಿದ್ದೇ ಅದನ್ನು. ಆದರೂ ಇಷ್ಟು ನೋಡಿರಲಿಲ್ಲ. ಅದೇ ನಮ್ಮ ಎರೆಮಣ್ಣು, ಅದೇ ಕಪ್ಪು. ಕಾಲುವೆ ಬಂದಾಗ ಜನ ಕಬ್ಬು, ಭತ್ತ ಎಂದು ವರ್ಷವಿಡೀ ನೀರು ನಿಲ್ಲಿಸಿದರು. ನೆಲದೊಳಗಿನ ನೀರು ಮೇಲೆ ಮೇಲೆ ಬಂತು, ಅದರ ಜೊತೆ ಉಪ್ಪೂ ಬಂತು. ಕಾಲಿಟ್ಟರೆ ಮೇಲೆ ಬಿಳಿಯ ಪೊರೆ ಕರಕರ ಎನ್ನುತ್ತಿತ್ತು, ಕೆಳಗೆ ಪಾದ ಪಚಕ್ಕೆಂದು ಕೆಸರಿನಲ್ಲಿ ಇಳಿಯುತ್ತಿತ್ತು. ಬಾಯಾರಿಕೆಯಿಂದ ಸತ್ತ ಹೊಲ ನೋಡಿದ್ದೆ, ಕುಡಿದು ಕುಡಿದು ಸತ್ತ ಹೊಲ ನೋಡಿದ್ದು ಅದೇ ಮೊದಲು.

ಅಲ್ಲಿ ನನಗೆ ಹೊಲ ಕೊಟ್ಟವರು ಒಬ್ಬ ಹೆಂಗಸು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಮಾಸಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಅವರು ಬೆನ್ ಎನ್ನುತ್ತಿದ್ದರು. ಎರಡು ವೀಘಾ ನೆಲ, ಎಕರೆಗಿಂತ ಚೂರು ಹೆಚ್ಚು, ಮತ್ತು ಒಂದು ಎಮ್ಮೆ. ಗಂಡ ಸೂರತ್ತಿನ ವರಾಛಾದಲ್ಲಿ ವಜ್ರ ಉಜ್ಜುವ ಕೆಲಸಕ್ಕಿದ್ದರು, ಭಾನುವಾರ ಮಾತ್ರ ಊರಿಗೆ ಬರುತ್ತಿದ್ದರು. ಮಾಸಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುವವರು. ಅವರ ಸುರತಿ ಗುಜರಾತಿ ನನ್ನ ಕಿವಿಯಲ್ಲಿ ನಮ್ಮ ಧಾರವಾಡದ ಮಾತಾಗಿಯೇ ಕೂತುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ.

‘ಸುತ್ತ ನೋಡ ಬೆನ್,’ ಎಂದರು ಮೊದಲ ದಿನವೇ, ಬದುವಿನ ಮೇಲೆ ನಿಂತು. ‘ಅಕಾಡಿ ಸೀಗಡಿ ಕೊಳ, ಇಕಾಡಿ ಸೀಗಡಿ ಕೊಳ. ನಡುವ ನಂದೊಂದು ಉಳದೈತಿ. ನಮ್ಮ ಮನಿಯವರು ಇದನ್ನೂ ಕೊಳದವರಿಗೆ ಕೊಟ್ಟುಬಿಡೂಣು ಅಂತಾರ.’

ಹೊಲ ಅಗೆದು ಸಮುದ್ರದ ನೀರು ತುಂಬಿಸಿ ಸೀಗಡಿ ಬಿಟ್ಟರೆ ಆ ನೆಲ ಮತ್ತೆ ಹೊಲವಾಗುವುದಿಲ್ಲ. ಅದು ಮಾಸಿಗೂ ಗೊತ್ತು, ಗಂಡನಿಗೂ ಗೊತ್ತು. ಮಾಸಿ ಜಗಳವಾಡಿ ಒಂದು ವರ್ಷದ ಗಡುವು ಕೇಳಿ ತೆಗೆದುಕೊಂಡಿದ್ದರು. ವರ್ಷದೊಳಗೆ ಆ ನೆಲದಲ್ಲಿ ಎಮ್ಮೆ ತಿನ್ನುವಂಥದ್ದು ಬೆಳೆದರೆ ಹೊಲ ಉಳಿಯುತ್ತದೆ, ಇಲ್ಲದಿದ್ದರೆ ಕೊಳ. ನಾನು ಹುಲ್ಲಿನ ಬೇರು ತುಂಬಿದ ಗೋಣಿಚೀಲಗಳೊಡನೆ ಹೋಗಿಳಿದದ್ದು ಆ ವರ್ಷಕ್ಕೆ.

ನೆಟ್ಟೆವು. ಮಣ್ಣು ಎತ್ತಿ ಬೋದು ಮಾಡಿ, ಬೋದಿನ ನೆತ್ತಿಯಲ್ಲಿ ಉಪ್ಪು ಕೂರುತ್ತದೆಂದು ಪಕ್ಕೆಯಲ್ಲಿ ಬೇರು ಊರಿದೆವು. ಮಾಸಿ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ಕೆಸರಿನಲ್ಲಿ ನನ್ನ ಸಮಕ್ಕೂ ನೆಟ್ಟರು. ಸಮಕ್ಕೇನು, ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಅವರದು ಮೂರು. ಮೊದಲ ತಿಂಗಳು ಅರ್ಧಕ್ಕರ್ಧ ಒಣಗಿಹೋಯಿತು. ಸತ್ತ ಕಡೆ ಮತ್ತೆ ನೆಟ್ಟೆವು. ಚಳಿಗಾಲ ಕಳೆಯುವಷ್ಟರಲ್ಲಿ ಬಿಳಿಯ ನೆಲದ ಮೇಲೆ ಹಸಿರು ಗೆರೆಗಳು ಕಾಣಿಸಿದವು. ಹುಲ್ಲಿನ ಹೆಸರು ನಮ್ಮ ಕಾಗದಗಳಲ್ಲಿ ಮೊಳದುದ್ದ ಇದೆ, ನನಗೇ ಒಂದೇ ಉಸಿರಿಗೆ ಹೇಳಲಾಗದು. ಮಾಸಿ ಅದನ್ನು ‘ಬೆನ್‌ನು ಘಾಸ್’ ಎಂದರು. ಅಕ್ಕನ ಹುಲ್ಲು. ಊರವರೂ ಹಾಗೆಯೇ ಕರೆದರು. ನನಗೆ ಕೋಡು ಮೂಡಿತು.

ಆ ಹೆಸರಿನಿಂದಲೇ ನಾನು ಗುಜರಾತಿಯ ‘ನು’ ಕಲಿತದ್ದು. ಬೆನ್‌ನು ಘಾಸ್, ಅಕ್ಕನ ಹುಲ್ಲು. ಕೂವಾನು ಪಾಣಿ, ಬಾವಿಯ ನೀರು. ನಮ್ಮ ‘ನ’, ‘ಯ’ ಇದ್ದಲ್ಲಿ ಅವರದು ‘ನು’. ಇಷ್ಟು ಸುಲಭವೇ ಎಂದು ಕಂಡಕಂಡ ಕಡೆಯೆಲ್ಲ ‘ನು’ ಅಂಟಿಸಿದೆ. ಯಾರೂ ತಿದ್ದಲಿಲ್ಲ. ಅಧಿಕಾರಿಯ ಭಾಷೆಯನ್ನು ಹಳ್ಳಿಯಲ್ಲಿ ಯಾರು ತಿದ್ದುತ್ತಾರೆ?

ಬೇಸಿಗೆ ಏರುವ ಹೊತ್ತಿಗೆ ಹುಲ್ಲು ಮೊದಲ ಕೊಯ್ಲಿಗೆ ಬಂತು. ಎಮ್ಮೆ ಗಬ್ಬವಾಗಿತ್ತು. ಹುಲ್ಲನ್ನು ಮುಂದಿಟ್ಟಾಗ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ನಾನೂ ಮಾಸಿಯೂ ಉಸಿರು ಹಿಡಿದು ನಿಂತಿದ್ದೆವು. ಆಮೇಲೆ ಒಂದು ಬಾಯಿ ಹಾಕಿತು ನೋಡಿ, ತಲೆ ಎತ್ತಲೇ ಇಲ್ಲ. ಮಾಸಿ ನನ್ನ ಎರಡೂ ಕೆನ್ನೆ ಸವರಿ ತಮ್ಮ ಹಣೆಗೆ ನೆಟಿಗೆ ಮುರಿದುಕೊಂಡರು.

ಉಪ್ಪಿನ ನೆಲದ ಹುಲ್ಲಿನಲ್ಲಿ ಉಪ್ಪಿನಂಶ ಇದ್ದೇ ಇರುತ್ತದೆ. ಅದನ್ನು ತಿಂದ ದನಕ್ಕೆ ಒಳ್ಳೆಯ ನೀರು ಧಾರಾಳವಾಗಿ ಸಿಗಬೇಕು, ಇಲ್ಲದಿದ್ದರೆ ಕೆಡುಕು. ಮಾಸಿಯ ಎಮ್ಮೆಯೋ ಹೊಲದ ಅಂಚಿನ ಹಳ್ಳದಲ್ಲಿ ಕುಡಿಯುತ್ತಿತ್ತು, ಆ ನೀರೂ ಉಪ್ಪು. ಅದಕ್ಕೇ ಒಂದು ಗುರುವಾರ ಹೋದವಳು ಇದನ್ನು ಖಡಕ್ಕಾಗಿ ಹೇಳಿ ಬರಬೇಕೆಂದು ನಿರ್ಧರಿಸಿದ್ದೆ. ಹಳ್ಳದ ನೀರು ಬಿಡಿಸಿ, ಮನೆಯ ನಲ್ಲಿಯಲ್ಲಿ ಬರುವ ಸಿಹಿನೀರು ಕೊಡಿ ಎಂದು.

ಸಿಹಿನೀರಿಗೆ ಏನನ್ನಬೇಕು? ದಾರಿಯುದ್ದ ಯೋಚಿಸಿದೆ. ಮೀಠು ಪಾಣಿ ಎನ್ನುವಂತಿಲ್ಲ, ಮೀಠು ಎಂದರೆ ಉಪ್ಪು, ನಾನೇನು ದಡ್ಡಿಯೇ. ಚಹಾ ಸಿಹಿಯಾದರೆ ಮಗಳು ‘ಗಳ್ಯು’ ಎನ್ನುತ್ತಾಳೆ. ಗಳ್ಯು ಪಾಣಿ ಎಂದರೆ ಮಾಸಿ ಬೆಲ್ಲ ಕದಡಿ ಪಾನಕ ಮಾಡಿ ಎಮ್ಮೆಗೆ ಕುಡಿಸಿಯಾರು. ಕೊನೆಗೆ ಹಿಂದಿಯ ಮೀಠಾ ತೆಗೆದುಕೊಂಡು ಅದಕ್ಕೆ ಗುಜರಾತಿಯ ‘ನು’ ಹಚ್ಚಿದೆ. ಮೀಠಾನು ಪಾಣಿ. ಸಿಹಿಯ ನೀರು. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಕೊಟ್ಟಿಗೆಯ ಮುಂದೆ ನಿಂತು ಹೇಳಿದೆ. ಹಳ್ಳದ ನೀರು ಇವತ್ತಿನಿಂದ ಬಂದ್. ದಿನಾ ಎರಡು ಹೊತ್ತು ಮೀಠಾನು ಪಾಣಿ.

ಮಾಸಿಯ ಹುಬ್ಬು ಮೇಲೆ ಹೋಯಿತು. ‘ಮೀಠಾನು?’ ಎಂದರು.

‘ಹೂಂ, ಮೀಠಾನು.’

‘ಎಷ್ಟು?’

‘ಹೊಟ್ಟಿ ತುಂಬ,’ ಎಂದೆ. ಕೈಯಿಂದ ತೋರಿಸಿಯೂ ಹೇಳಿದೆ. ‘ಕಡಿಮೆ ಮಾಡಬ್ಯಾಡ್ರಿ ಮಾಸಿ. ಕುಡೀಲಿಲ್ಲ ಅಂದ್ರ ಹೆಂಗಾರ ಮಾಡಿ ಕುಡಸ್ರಿ.’

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ನನ್ನ ಗುಜರಾತಿ ಇಷ್ಟು ಸುಧಾರಿಸಿದೆಯಲ್ಲ ಎಂದು ಬೆರಗಾಗಿದ್ದಾರೆ ಎಂದುಕೊಂಡೆ. ಸೂರತ್ತಿನಿಂದ ಬರೋಡಾಕ್ಕೆ ರೈಲಿನಲ್ಲಿ ಬರುವಾಗ ಅದೇ ಖುಷಿಯಲ್ಲಿ ಎರಡು ಪ್ಲೇಟು ಲೋಚೋ, ಅಲ್ಲಿನ ಕಡಲೆಬೇಳೆಯ ತಿಂಡಿ, ತಿಂದೆ.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದೆ. ಕೈ ತಪ್ಪಿ ಉಪ್ಪು ಜಾಸ್ತಿಯಾಗಿತ್ತು. ಮಗಳು ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದಳು.

‘ಮಮ್ಮಾ, ಎಷ್ಟ್ ಮೀಠು ಹಾಕಿದಿ! ಖಾರು ಛೇ.’

‘ಖಾರ ಎಲ್ಲಿ ಐತಿ? ಒಂದು ಮೆಣಸಿನಕಾಯಿ ಹಾಕೇನಿ.’

‘ಅಯ್ಯೋ, ಗುಜರಾತಿ ಖಾರು. ಖಾರು ಛೇ ಮೀನ್ಸ್ ಇಟ್ಸ್ ಸಾಲ್ಟಿ.’

ಮತ್ತೆ ಪಾಠ ಶುರುವಾಯಿತಲ್ಲ ಎಂದು ನನಗೆ ರೇಗಿತು. ‘ಗೊತ್ತದ, ಗೊತ್ತದ. ಉಪ್ಪಾಗಿದ್ರ ಒಂದು ಗ್ಲಾಸ್ ಮೀಠಾನು ಪಾಣಿ ಕುಡಿ, ಎಲ್ಲಾ ಸರಿ ಹೋಗ್ತದ,’ ಎಂದೆ.

ಅವಳು ನಕ್ಕಳು. ಚಮಚ ತಟ್ಟೆಗೆ ಬಿಟ್ಟು, ಮೇಜಿಗೆ ಹಣೆ ಹಚ್ಚಿ ನಕ್ಕಳು. ‘ಮಮ್ಮಾ! ಆಲ್‌ರೆಡಿ ಉಪ್ಪು ಜಾಸ್ತಿ. ಮತ್ತ ಉಪ್ಪಿನ ನೀರು ಕುಡೀಲಾ?’

‘ಉಪ್ಪಿಂದಲ್ಲ, ಸಿಹಿ.’

‘ಸಿಹಿ ನೀರು ಅಂದ್ರ ಮೀಠು ಪಾಣಿ. ಮೀಠು ಸಿಹಿನೂ ಹೌದು, ಉಪ್ಪೂ ಹೌದು. ನೀನು “ನು” ಹಾಕಿದ್ರ ಮೀಠಾನು ಪಾಣಿ, ಉಪ್ಪಿಂದು, ಉಪ್ಪು ಹಾಕಿದ್ದು. ಎವ್ರಿಬಡಿ ನೋಸ್.’

ನನಗೆ ಮೊದಲು ಏನೂ ಅನ್ನಿಸಲಿಲ್ಲ. ಕೈಯಲ್ಲಿದ್ದ ಸೌಟನ್ನು ಒಲೆಯ ಪಕ್ಕ ಇಟ್ಟದ್ದು ನೆನಪಿದೆ. ಆಮೇಲೆ ಇನ್ನೊಂದು ಸಲ ಹೇಳು ಎಂದೆ. ಅವಳು ಹೇಳಿದಳು. ನನ್ನ ಮುಖ ನೋಡಿ ಅವಳ ನಗು ನಿಂತಿತು. ಗುರುವಾರ, ಶುಕ್ರವಾರ, ಶನಿವಾರ. ಹೊಟ್ಟೆ ತುಂಬ. ಹೇಗಾದರೂ ಮಾಡಿ ಕುಡಿಸಿ. ಫೋನು ಹಚ್ಚಿದರೆ ಆ ಕಡೆಯಿಂದ ಮಾಸಿಯೇ ಎತ್ತಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ, ‘ಬೆನ್, ನಾನs ಫೋನ್ ಮಾಡಾಕಿ ಇದ್ದೆ, ಎಮ್ಮಿ ಯಾಕೋ ಮುಂಜಾನಿಂದ ತೂರಾಡಾಕತ್ತೈತಿ,’ ಎಂದರು.

ಬಕೆಟ್ಟು ತೆಗೆಯಿರಿ, ಮೀಠು ಹಾಕಬೇಡಿ, ಬರೀ ನೀರು ಎಂದು ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆನೋ ನನಗೇ ಗೊತ್ತಿಲ್ಲ. ಯಜಮಾನರು ಸ್ಟೇಷನ್ನಿಗೆ ಬಿಟ್ಟರು. ಸೂರತ್ತಿನವರೆಗೆ ನಿಂತೇ ಹೋದೆ. ಅಲ್ಲಿಂದ ಒಂದು ರಿಕ್ಷಾ ಪೂರ್ತಿ ಹಿಡಿದೆ. ದಾರಿಯಲ್ಲಿ ಡೇರಿಯ ಪಶುವೈದ್ಯರಿಗೆ ಫೋನು ಸಿಕ್ಕಿತು. ಅವರು ಬೇರೊಂದು ಊರಿನಲ್ಲಿದ್ದರು, ಬರಲು ಮಧ್ಯಾಹ್ನವಾಗುತ್ತದೆ ಎಂದರು. ಉಪ್ಪು ಹೆಚ್ಚಾಗಿದೆ, ಹೊಟ್ಟೆ ತುಂಬ ನೀರು ಕುಡಿಸಲೇ ಎಂದು ಕೇಳಿದೆ.

ಅವರು ಫೋನಿನಲ್ಲೇ ಗದರಿದರು. ‘ಬೇಡ! ಒಮ್ಮೆಲೇ ಕುಡಿಸಿದರೆ ಮಿದುಳು ಬಾತು ಅಲ್ಲೇ ಸಾಯುತ್ತದೆ. ಸ್ವಲ್ಪ ಸ್ವಲ್ಪ. ಒಂದೆರಡು ಮಗ್ಗು, ಬಿಟ್ಟು ಬಿಟ್ಟು. ಎಷ್ಟು ಒದ್ದಾಡಿದರೂ ಹೆಚ್ಚು ಕೊಡಬೇಡಿ.’

ಮನೆಯಲ್ಲಿ ನಾನು ‘ಬರೀ ನೀರು’ ಎಂದು ಕಿರುಚಿದ್ದೆನಲ್ಲ. ಆ ಎರಡು ಗಂಟೆಯಲ್ಲಿ ಮಾಸಿ ತೊಟ್ಟಿ ತುಂಬ ನೀರು ಮುಂದಿಟ್ಟಿದ್ದರೆ? ಮತ್ತೆ ಫೋನು ಮಾಡಿದೆ, ಎತ್ತಲಿಲ್ಲ. ನನ್ನ ಹುಲ್ಲಿನಿಂದ ಸಾಯದ ಎಮ್ಮೆ ಮೊದಲು ನನ್ನ ಉಪ್ಪಿನಿಂದ, ಈಗ ನನ್ನ ನೀರಿನಿಂದ ಸಾಯಲಿದೆ ಎಂದುಕೊಂಡೆ.

ಎಮ್ಮೆ ಬದುಕಿತ್ತು. ಕೊಟ್ಟಿಗೆಯ ಗೋಡೆಗೆ ಹಣೆ ಒತ್ತಿ ನಿಂತಿತ್ತು. ಕಣ್ಣು ತೆರೆದೇ ಇತ್ತು, ಆದರೆ ಮುಂದೆ ಕೈಯಾಡಿಸಿದರೆ ರೆಪ್ಪೆ ಬಡಿಯಲಿಲ್ಲ. ಕಾಲುಗಳು ನಡುಗುತ್ತಿದ್ದವು. ಬರುತ್ತೇನೆ ಎಂದದ್ದೊಂದು ಬಿಟ್ಟರೆ ಫೋನಿನಲ್ಲಿ ನಾನು ಬಡಬಡಿಸಿದ್ದು ಮಾಸಿಗೆ ಒಂದಕ್ಷರ ಅರ್ಥವಾಗಿರಲಿಲ್ಲ, ಅದಕ್ಕೇ ನಾನು ಬರುವವರೆಗೆ ಏನನ್ನೂ ಕೊಡದೆ ಕಾದಿದ್ದರು. ನನ್ನ ಹರಕು ಗುಜರಾತಿ ಒಂದು ಜೀವ ಉಳಿಸಿದ್ದರೆ ಅದು ಆ ಒಂದೇ ಸಲ. ಪಕ್ಕದಲ್ಲಿ ಬೆಳಗಿನ ಬಕೆಟ್ಟು ಇತ್ತು. ಒಲ್ಲೆನೆಂದ ಎಮ್ಮೆಗೆ ಹತ್ತಿಕಾಳಿನ ಹಿಂಡಿ ಕಲಸಿ ಆಸೆ ತೋರಿಸಿ ಕುಡಿಸಿದ್ದರಂತೆ. ನಾನು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಸಮುದ್ರ.

ಮಾಸಿ ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಿದೆ.

ಆಮೇಲಿನ ಐದಾರು ಗಂಟೆ ನಾವಿಬ್ಬರೂ ಎಮ್ಮೆಗೆ ನೀರು ಕೊಡದಿರುವ ಕೆಲಸ ಮಾಡಿದೆವು. ಎರಡು ಮಗ್ಗು ಕೊಡುವುದು, ಬಕೆಟ್ಟು ದೂರ ಇಡುವುದು. ಅದು ಕುರುಡಾಗಿಯೇ ನೀರಿನ ವಾಸನೆಗೆ ಕತ್ತು ಚಾಚುತ್ತಿತ್ತು, ಹಗ್ಗ ಜಗ್ಗುತ್ತಿತ್ತು, ನನ್ನ ಒದ್ದೆ ಸೆರಗನ್ನು ಚೀಪುತ್ತಿತ್ತು. ಬಾಯಾರಿದ ಪ್ರಾಣಿಯ ಮುಂದಿನಿಂದ ನೀರು ಎಳೆದುಕೊಳ್ಳುವುದು ಎಷ್ಟು ಕಷ್ಟವೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮಾಸಿ ಅದರ ಕೊರಳು ತಬ್ಬಿ ‘ತಡಿ ನನ್ನವ್ವಾ, ತಡಿ’ ಎನ್ನುತ್ತಿದ್ದರು. ಮಧ್ಯಾಹ್ನ ವೈದ್ಯರು ಬಂದು ಸೂಜಿ ಕೊಟ್ಟರು. ಬದುಕುತ್ತದೆ, ಹೊಟ್ಟೆಯೊಳಗಿನದರ ಮಾತು ಈಗ ಹೇಳಲಾರೆ ಎಂದರು.

ಭಾನುವಾರವಾದ್ದರಿಂದ ಗಂಡನೂ ಊರಿಗೆ ಬಂದರು. ಅಂಗಳಕ್ಕೆ ಕಾಲಿಟ್ಟವರೇ ಎಮ್ಮೆಯನ್ನು ನೋಡಿದರು, ವೈದ್ಯರನ್ನು ನೋಡಿದರು, ನನ್ನನ್ನು ನೋಡಿದರು. ಅಕ್ಕಪಕ್ಕದ ನಾಲ್ಕೈದು ಜನ ಆಗಲೇ ಕೂಡಿದ್ದರು.

‘ಈ ಹುಲ್ಲಿಂದಾತೇನು?’ ಎಂದರು ಗಂಡ. ಕೇಳಿದ್ದು ನನ್ನನ್ನು.

ನಾನು ಬಾಯಿ ತೆರೆದೆ. ಹೇಳುವವಳಿದ್ದೆ, ದೇವರಾಣೆ ಹೇಳುವವಳಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅಷ್ಟರಲ್ಲಿ ಮಾಸಿ ಎದ್ದು ನಡುವೆ ಬಂದರು.

‘ಹುಲ್ಲಿಂದಲ್ಲ, ನನ್ನಿಂದ,’ ಎಂದರು. ‘ಬೆನ್ ನೀರಾಗ ಚಿಟಿಕಿ ಉಪ್ಪು ಹಾಕು ಅಂದಿದ್ಲು. ನಾ ಮುಷ್ಟಿ ಮುಷ್ಟಿ ಹಾಕಿಬಿಟ್ಟೆ. ಕಿವಿ ಕೇಳಸಲಿಲ್ಲ, ಬುದ್ಧಿನೂ ಓಡಲಿಲ್ಲ.’

ಗಂಡ ಬೈದರು. ಎಲ್ಲರ ಮುಂದೆ, ದನಿ ಏರಿಸಿ ಬೈದರು. ಮೂವತ್ತು ವರ್ಷ ಎಮ್ಮೆ ಕಟ್ಟಿದವಳಿಗೆ ಉಪ್ಪಿನ ಅಳತೆ ಗೊತ್ತಾಗಲಿಲ್ಲವೇ, ನೀನು ಮನುಷ್ಯಳೋ ಏನೋ ಎಂದರು. ನೆರೆಯ ಹೆಂಗಸೊಬ್ಬಳು ಮೂಗು ಮುರಿದಳು. ಮಾಸಿ ತಲೆ ಬಗ್ಗಿಸಿ ನಿಂತಿದ್ದರು. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕೈಯಲ್ಲಿ ಮಗ್ಗು ಹಿಡಿದು ನಿಂತಿದ್ದೆ. ನನ್ನ ತಪ್ಪು ಎನ್ನುವುದಕ್ಕೆ ಗುಜರಾತಿಯಲ್ಲಿ ಎರಡೇ ಪದ. ಎರಡೂ ನನಗೆ ಸರಿಯಾಗಿ ಗೊತ್ತಿದ್ದವು. ನಾನು ಮಾತಾಡಲಿಲ್ಲ.

ಎರಡು ದಿನಕ್ಕೆ ಎಮ್ಮೆಗೆ ಕಣ್ಣು ಬಂತು. ಹತ್ತನೆಯ ದಿನ ಕಂದು ಹಾಕಿತು. ಹೆಣ್ಣುಗರು ಆಗುತ್ತಿತ್ತು ಎಂದು ಮಾಸಿ ಫೋನಿನಲ್ಲಿ ಹೇಳಿದರು, ಅಳದೆ ಹೇಳಿದರು. ನಾನು ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅತ್ತೆ.

ಇನ್ನೊಂದು ಸಂಗತಿ ಇದೆ, ಬರೆಯದಿದ್ದರೆ ಇಷ್ಟು ಬರೆದೂ ದಂಡ. ಮಳೆಗಾಲಕ್ಕೆ ಮುಂಚೆ ಅಹಮದಾಬಾದಿನಲ್ಲಿ ನಮ್ಮ ವರ್ಷದ ಸಭೆಯಾಯಿತು. ನಾನು ಪರದೆಯ ಮೇಲೆ ಬಿಳಿಯ ನೆಲದ ಚಿತ್ರ, ಆಮೇಲೆ ಹಸಿರು ನೆಲದ ಚಿತ್ರ ತೋರಿಸಿದೆ. ಚಪ್ಪಾಳೆ ಬಿತ್ತು. ದನಗಳ ಆರೋಗ್ಯ ಎಂಬ ಕಡೆ ಒಂದೇ ಸಾಲು ಬರೆದಿದ್ದೆ: ರೈತ ಮಹಿಳೆಯು ಸೂಚನೆಯನ್ನು ಮೀರಿ ಉಪ್ಪು ನೀಡಿದ್ದರಿಂದ ಒಂದು ಎಮ್ಮೆಗೆ ತೊಂದರೆ. ‘ಈ ಜನ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ಇಲ್ಲ ನೋಡಿ,’ ಎಂದರು ಒಬ್ಬ ಹಿರಿಯರು. ಸಭೆ ನಕ್ಕಿತು. ನಾನೂ ನಕ್ಕೆ. ಯಾರೂ ನನ್ನ ಕುತ್ತಿಗೆ ಹಿಡಿದು ನಗಿಸಿರಲಿಲ್ಲ.

ವಾಪಸು ಬರುವಾಗ ರೈಲು ವಟ್ವಾ ದಾಟುತ್ತಿತ್ತು. ಹಳಿಯ ಪಕ್ಕದ ಮೋರಿಯಲ್ಲಿ ಬಣ್ಣದ ಕಾರ್ಖಾನೆಯ ನೀರು ಕೆಂಪಗೆ ನಿಂತಿತ್ತು. ಎದುರು ಕೂತ ಹೆಂಗಸು ಎಂಥ ಜನ, ಹೀಗೆ ನೀರು ಕೆಡಿಸುತ್ತಾರಲ್ಲ ಎಂದು ನನ್ನ ಕಡೆ ನೋಡಿ ಹೇಳಿದರು. ಹೌದೆಂದು ತಲೆಯಾಡಿಸಲು ನನ್ನಿಂದ ಆಗಲಿಲ್ಲ. ಆ ಸಾಲು ಆ ವರದಿಯಲ್ಲಿ ಇವತ್ತಿಗೂ ಹಾಗೆಯೇ ಇದೆ.

ಆಮೇಲೆ ಆ ಊರಿಗೆ ನಾನು ಹೋಗುವುದು ಕಡಿಮೆ ಮಾಡಿದೆ. ಏನಾದರೊಂದು ನೆಪ ಹೇಳಿ ಸಹೋದ್ಯೋಗಿಗಳನ್ನು ಕಳಿಸುತ್ತಿದ್ದೆ. ಅವರು ಫೋನಿನಲ್ಲಿ ಚಿತ್ರ ತಂದು ತೋರಿಸುತ್ತಿದ್ದರು. ಮಳೆಗಾಲದಲ್ಲಿ ಹೊಲದ ತುಂಬ ಮೊಣಕಾಲುದ್ದ ನೀರು ನಿಂತಾಗ ಹುಲ್ಲು ಅದರೊಳಗೇ ನಿಂತಿತ್ತು. ನೀರು ಇಳಿದಾಗ ಬಿಳಿಯ ಪೊರೆ ಮೊದಲಿಗಿಂತ ತೆಳ್ಳಗೆ ಕಂಡಿತು. ವರ್ಷದ ಗಡುವು ಮುಗಿಯಿತು, ಹೊಲ ಕೊಳವಾಗಲಿಲ್ಲ. ಮರುವರ್ಷ ಎಮ್ಮೆ ಮತ್ತೆ ಗಬ್ಬವಾಗಿದೆ ಎಂಬ ಸುದ್ದಿಯೂ ಬಂತು.

ಹೋದ ಚಳಿಗಾಲದಲ್ಲಿ ನಮಗೆ ವರ್ಗವಾಯಿತು. ಸಾಮಾನು ಕಟ್ಟುವ ಮೊದಲು ಒಂದು ದಿನ ಬೆಳಿಗ್ಗೆ ಒಬ್ಬಳೇ ಹೊರಟೆ. ಈ ಸಲ ರೈಲಿನಲ್ಲಿ ಹೇಳಬೇಕಾದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ. ಹಿಂದಿನ ದಿನವೇ ಮಗಳ ಮುಂದೆ ಕೂತು ಒಂದೊಂದನ್ನೂ ತಿದ್ದಿಸಿಕೊಂಡಿದ್ದೆ. ಅವಳು ಒಂದು ಸಲವೂ ನಗಲಿಲ್ಲ.

ಮಾಸಿ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನನ್ನನ್ನು ಕಂಡು ಕುಡುಗೋಲು ಬಿಟ್ಟು ಬಂದರು, ಬದುವಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಪಾಠ ಒಪ್ಪಿಸಿದೆ. ತಪ್ಪು ನನ್ನದು. ನಾನು ಹೇಳಬೇಕಾಗಿದ್ದದ್ದು ಮೀಠು ಪಾಣಿ, ಹೇಳಿದ್ದು ಮೀಠಾನು ಪಾಣಿ. ನೀವು ಕೇಳಿದ್ದು ಸರಿಯಾಗಿಯೇ ಇತ್ತು. ನನಗಾಗಿ ನೀವು ಎಲ್ಲರ ಮುಂದೆ ಬೈಸಿಕೊಂಡಿರಿ, ನಾನು ಸುಮ್ಮನೆ ನಿಂತೆ.

‘ಗೊತ್ತೈತಿ,’ ಎಂದರು ಮಾಸಿ.

‘ಗೊತ್ತಿತ್ತಾ?’

‘ನೀ ಅವತ್ತು ಬಕೆಟ್ಟಿನ್ಯಾಗ ಬಳ್ಳ ಅದ್ದಿ ನಾಲಿಗಿ ಮ್ಯಾಲೆ ಇಟ್ಟಿಯಲ್ಲ, ಆವಾಗಿನ ನಿನ್ನ ಮಾರಿ ನೋಡಿದ ಕೂಡ್ಲೆ ಗೊತ್ತಾತು. ಈಕಿ ಹೇಳಾಕ ಹೋಗಿದ್ದು ಬ್ಯಾರೆ, ಹೇಳಿದ್ದು ಬ್ಯಾರೆ ಅಂತ.’

ಎರಡು ವರ್ಷ ನಾನು ಹೊತ್ತು ತಿರುಗಿದ ಗುಟ್ಟು ಅವರಿಗೆ ಮೊದಲ ಗಳಿಗೆಯಿಂದಲೇ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಉಳಿಸಿದಿರಾ ಮಾಸಿ ಎಂದೆ.

ಅವರು ನನ್ನ ಕಡೆ ತಿರುಗಿ ನೋಡಿದರು, ಎಳೆಯ ಹುಡುಗಿಯನ್ನು ನೋಡುವಂತೆ. ‘ನಿನ್ನ ಯಾಕ ಉಳಸಲಿ ಬೆನ್?’ ಎಂದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಹಾಗೆ. ‘ನೀ ನೌಕರಿ ಮಾಡಾಕಿ. ಇಲ್ಲಿ ಅಲ್ಲಾಂದ್ರ ಇನ್ನೊಂದು ಊರು. ನಿನ್ನ ತಪ್ಪು ಅಂದಿದ್ರ ನಮ್ಮ ಮನಿಯವರು ಅವತ್ತs ನಿನ್ನ ಹುಲ್ಲು ಕಿತ್ತು ಒಗದು ಹೊಲ ಕೊಳದವರಿಗೆ ಬರಕೊಡತಿದ್ರು. ನನ್ನ ತಪ್ಪು ಅಂದ್ರ ಬೈತಾರ. ಬೈದು ಸುಮ್ನಾಗ್ತಾರ. ಬೈಗಳಕ್ಕ ಹೊಲ ಹೋಗಂಗಿಲ್ಲ.’

ಸುತ್ತ ಕೊಳಗಳಲ್ಲಿ ನೀರಿಗೆ ಗಾಳಿ ತುಂಬುವ ಯಂತ್ರಗಳು ತಿರುಗುತ್ತಿದ್ದವು. ನಡುವೆ ಈ ಎರಡು ವೀಘಾ ಹಸಿರು. ನಾನು ಅದನ್ನು ಅವರ ದೊಡ್ಡ ಮನಸ್ಸು ಎಂದು ಎಣಿಸಿ, ಅದಕ್ಕಾಗಿ ಅತ್ತು, ಅದಕ್ಕಾಗಿಯೇ ಅವರಿಂದ ತಪ್ಪಿಸಿಕೊಂಡು ತಿರುಗಿದ್ದೆ. ಆ ದಿನ ಅವರ ಲೆಕ್ಕದಲ್ಲಿ ನಾನು ಇರಲೇ ಇಲ್ಲ.

ಮಾಸಿ ಕೈಗಂಟಿದ ಹುಲ್ಲಿನ ಎಸಳು ಕೊಡವಿ ಕೇಳಿದರು. ‘ಒಂದು ಮಾತು ಕೇಳ್ತೀನಿ. ನಾ ಹುಲ್ಲು ಉಳಸಾಕ ಸುಳ್ಳು ಹೇಳಿದೆ. ನೀ ಯಾಕ ಸುಮ್ನ ನಿಂತಿ? ನೀನೂ ಹುಲ್ಲಿನ ಸಲುವಾಗಿ ಏನು?’

ಹೌದು ಎಂದುಬಿಡಬಹುದಿತ್ತು. ಅವರೇ ದಾರಿ ಮಾಡಿಕೊಟ್ಟಿದ್ದರು. ಮಗಳ ಹತ್ತಿರ ಬಾಯಿಪಾಠ ಮಾಡಿ ತಂದ ವಾಕ್ಯಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

‘ಅಲ್ಲ ಮಾಸಿ,’ ಎಂದೆ. ‘ನನ್ನ ಸಲುವಾಗಿ.’

ಅವರು ಹೂಂ ಎಂದರು. ಎದ್ದು ಬದುವಿನ ಮೇಲಿದ್ದ ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದು ನನ್ನ ಮುಂದೆ ಹಿಡಿದರು.

‘ಮೀಠು ಪಾಣಿ ಛೇ,’ ಎಂದರು, ಒಂದೊಂದೇ ಅಕ್ಷರ ಬಿಡಿಸಿ. ‘ಕುಡಿ.’

ನಾನು ಎರಡೂ ಕೈಯಲ್ಲಿ ಲೋಟ ಹಿಡಿದೆ. ಅದು ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ.